ಡ್ರಮ್ಮಿನ ಒಲೆ ಮಾಡಿಸುವವರು ದಯವಿಟ್ಟು ಓದಿ

ಹಾಸನದಲ್ಲಿ ಬಾಡು ಸುಡುವುದಕ್ಕೆ, ಹೊಗೆ ಹಾಕುವುದಕ್ಕೆ ಅಂತ ಯಾರಾದರೂ ಡ್ರಮ್ಮಿನ ಒಲೆ ಮಾಡಿಸಲು ಹೊರಟಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನನಗೆ 6,500 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ಆ ಮಾಂಸವನ್ನು ನನ್ನ ಮಗಳು ಬಾಯಿಗೆ ಹಾಕಿಕೊಂಡಳು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ನಮ್ಮಜ್ಜಿ ಸೌದೆ ಒಲೆಯ ಮೇಲೆ ಉಪ್ಪುಕಂಡ ಕಟ್ಟುತ್ತಿದ್ದರು. ಆ ಹೊಗೆ ರುಚಿ ಮನೆಯಲ್ಲಿ ಮತ್ತೆ ಬರಲಿ ಅನ್ನುವುದು ನನ್ನ ಆಸೆ. ಹಂದಿಯ ಭುಜದ ಮಾಂಸ ಗಟ್ಟಿ, ನಾರು ಜಾಸ್ತಿ. ಆದರೆ 110-120 ಡಿಗ್ರಿ ಶಾಖದಲ್ಲಿ ಏಳೆಂಟು ಗಂಟೆ ಇಟ್ಟು, ಮಾಂಸದ ಒಳಗೆ 90 ಡಿಗ್ರಿ ದಾಟಿಸಿದರೆ ಆ ನಾರೆಲ್ಲ ಕರಗಿ ಕೈಯಲ್ಲೇ ಬಿಡಿಸಿಕೊಳ್ಳುತ್ತೆ. ದುಬಾರಿ ಪೀಸು ಬೇಕಾಗಿಯೇ ಇಲ್ಲ. ಕಾಫಿ ತೋಟದ ಒಣಸೌದೆ, ಸೀಬೆ ಕೊಂಬೆ ನಮ್ಮಲ್ಲಿ ಬೇಕಾದಷ್ಟಿದೆ. ಇಲ್ಲದ್ದು ಒಲೆ ಮಾತ್ರ.

ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿದೆ. 'ಹೊಸ ಡ್ರಮ್ಮೇ ಹಾಕ್ತೀನಿ ಸಾರ್, ಅಡುಗೆ ಎಣ್ಣೆ ಬಂದಿದ್ದ ಡ್ರಮ್ಮು' ಅಂದ. ಹೊಸದಾದರೆ ಎಣ್ಣೆ ಹೇಗೆ ಬಂದಿರುತ್ತೆ? ಆಗ ಹೊಳೆಯಲೇ ಇಲ್ಲ ನೋಡಿ. ಒಳಗಿನ ಕೋಟಿಂಗ್ ಸುಟ್ಟು ತೆಗೆಯಬೇಕು ಅಂತ ನಾನೇ ಎರಡೆರಡು ಸಲ ಹೇಳಿದ್ದೆ. 'ನಾವೇ ಎರಡು ಸಲ ಬೆಂಕಿ ಹಾಕಿ ಕೊಡ್ತೀವಿ, ನೀವು ತಗೊಂಡು ಹೋಗಿ ಬಾಡು ಇಡೋದಷ್ಟೇ' ಅಂದ. ನಂಬಿದೆ.

ಭಾನುವಾರ ಬಾವನ ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದೆ. ಮೂರೂವರೆ ಕೆಜಿ ಮಾಂಸಕ್ಕೆ ಹಿಂದಿನ ರಾತ್ರಿಯೇ ಉಪ್ಪು, ಕಾಳುಮೆಣಸು ಹಚ್ಚಿ, ಬೆಳಗ್ಗೆ ಐದೂವರೆಗೆ ಇದ್ದಿಲು ಹೊತ್ತಿಸಿದೆ. ಹನ್ನೊಂದರ ಹೊತ್ತಿಗೆ ಹೊಗೆಯಲ್ಲಿ ಏನೋ ಘಾಟು. ಸೌದೆ ಹಸಿ ಇರಬೇಕು ಅಂದುಕೊಂಡೆ. ಒಂದೂವರೆಗೆ ಮಾಂಸ ಇಳಿಸಿದೆ. ಮಗಳು ಓಡಿ ಬಂದು ಅಂಚಿನಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡವಳು ತಕ್ಷಣ ಉಗಿದಳು. 'ಅಪ್ಪಾ, ಔಷಧಿ ವಾಸನೆ' ಅಂದಳು.

ಆಗ ಡ್ರಮ್ಮನ್ನು ಸರಿಯಾಗಿ ನೋಡಿದೆ. ಕೆಂಡ ಇದ್ದ ಮಟ್ಟದಲ್ಲಿ ಹೊರಗಿನ ಕಪ್ಪು ಪೇಂಟು ಗುಳ್ಳೆ ಎದ್ದು ಹಪ್ಪಳದ ಹಾಗೆ ಸಿಪ್ಪೆ ಬಿಟ್ಟಿತ್ತು. ಉಗುರಿನಿಂದ ಕೆರೆದೆ. ಅಡಿಯಲ್ಲಿ ಹಳದಿ ಬಣ್ಣ. ಇನ್ನೂ ಕೆರೆದೆ. ಮೂಲೆ ಮೇಲೆ ಮಾಡಿ ನಿಲ್ಲಿಸಿದ ಚೌಕದ ಕೆಳಗಿನ ಅರ್ಧ. ತೋಟ ಇರುವವರಿಗೆ ನಾನು ಹೇಳಬೇಕಾಗಿಲ್ಲ, ಕೀಟನಾಶಕದ ಡಬ್ಬಿ ಮೇಲಿರುವ ಗುರುತು ಅದು. ಕೆಂಪಾದರೆ ಎಲ್ಲಕ್ಕಿಂತ ಜಾಸ್ತಿ ವಿಷ, ಹಳದಿ ಅದರ ನಂತರದ್ದು. ಒಳಗಡೆ ಕಂದು ಕೋಟಿಂಗ್ ಚಕ್ಕೆ ಚಕ್ಕೆಯಾಗಿ ಬಿದ್ದಿತ್ತು. ಎರಡು ಸಲ ಸುಟ್ಟಿದ್ದರೆ ಅದು ಅಲ್ಲಿರುತ್ತಿತ್ತಾ? ಒಂದು ಸಲವೂ ಸುಟ್ಟಿಲ್ಲ. ಒಂದು ಸಲವೂ!

ನೆಂಟರೆಲ್ಲ ಅಲ್ಲೇ ನಿಂತಿದ್ದರು. ಮಾಂಸವನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂತೆ. ಮಗಳ ಬಾಯಿ ತೊಳೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನುಂಗಿರಲಿಲ್ಲ, ಏನೂ ಆಗಲಿಲ್ಲ.

ಸಂಜೆ ಅವನಿಗೆ ಫೋನ್ ಮಾಡಿದೆ. 'ಮೊದಲನೇ ಸಲ ಎಲ್ಲಾದ್ರಲ್ಲೂ ವಾಸನೆ ಬರುತ್ತೆ ಸಾರ್' ಅಂದ. ಹಳದಿ ಗುರುತಿನ ಫೋಟೋ ಕಳಿಸಿದೆ. 'ಗುಜರಿಯವರು ತೊಳೆದೇ ಕೊಡೋದು' ಅಂದ. ಹೊಸ ಡ್ರಮ್ಮು ಅಂದಿದ್ದೆಯಲ್ಲಪ್ಪಾ ಅಂದರೆ, 'ನೀವೇ ಬಂದು ನೋಡಿ ತಾನೇ ತಗೊಂಡ್ರಿ?' ಪೇಂಟ್ ಹೊಡೆದ ಮೇಲೆ ನಾನು ಏನನ್ನು ನೋಡಲಿ? ಕೊನೆಗೆ ಹೇಳಿದ ಮಾತು ಕೇಳಿ: 'ಇಂಥವು ಎಷ್ಟೋ ಮಾಡಿ ಕೊಟ್ಟಿದ್ದೀನಿ, ಯಾರೂ ಸತ್ತಿಲ್ಲ.' ಹಾಗಾದರೆ ಇನ್ನೂ ಎಷ್ಟು ಮನೆಗಳಲ್ಲಿ ಇಂಥ ಡ್ರಮ್ಮಿದೆಯೋ? ಆಮೇಲೆ ಫೋನ್ ಎತ್ತಿಲ್ಲ.

ಪೇಂಟ್ ಹೊಡೆಯುವ ಮೊದಲು ಡ್ರಮ್ಮನ್ನು ಒಳಗೂ ಹೊರಗೂ ನೋಡಿ. ಏನು ತುಂಬಿದ್ದು ಅಂತ ಗೊತ್ತಿಲ್ಲದಿದ್ದರೆ ಬೇಡವೇ ಬೇಡ, ಎಷ್ಟು ತೊಳೆದರೂ ಬೇಡ. ಸುಡುವುದು ನಿಮ್ಮ ಕಣ್ಣೆದುರೇ ಆಗಲಿ. ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ.

ಡ್ರಮ್ಮು ಇನ್ನೂ ಹಿತ್ತಲಲ್ಲೇ ಇದೆ. ಗುಜರಿಗೆ ಹಾಕಿದರೆ ಮತ್ತೆ ಪೇಂಟ್ ಬಳಿದುಕೊಂಡು ಇನ್ನೊಬ್ಬರ ಮನೆ ಸೇರುತ್ತೆ. ಅದಕ್ಕೇ ಸುತ್ತಲೂ ಗುದ್ದಲಿಯಿಂದ ತೂತು ಹೊಡೆದಿಟ್ಟಿದ್ದೇನೆ.