ಬೀದರಿನ ಗಂಜಿನಲ್ಲಿ ಸಿಗುವ ಜವಾರಿ ಕನಕಾಂಬರದ ಬೀಜ

ಬೀದರಿನ ಗಾಂಧಿ ಗಂಜಿನ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಮುಂಗಾರಿಗೆ ಮುನ್ನ ಮಾರಾಟಕ್ಕೆ ಬರುವ ಕನಕಾಂಬರದ ಬೀಜವನ್ನು ಮನೆಯಂಗಳದಲ್ಲಿ ಹೂ ಬೆಳೆಸುವವರು ಧೈರ್ಯವಾಗಿ ಕೊಳ್ಳಬಹುದು. ಮೂವತ್ತು ರೂಪಾಯಿಯ ಈ ಪೊಟ್ಟಣದ ಮೇಲೆ ಬಣ್ಣದ ಚಿತ್ರವಿಲ್ಲ. ಬಿಳಿ ಕಾಗದದ ಲಕೋಟೆಯ ಮೇಲೆ ಹೂವಿನ ಹೆಸರು, ‘ಜವಾರಿ, ಕಿತ್ತಳೆ’ ಎಂಬ ವಿವರ ಮತ್ತು ಬೀಜ ಬಿಡಿಸಿದ ತಿಂಗಳು ಮಾತ್ರ ಕೈಬರಹದಲ್ಲಿವೆ. ಬೀಜ ಕೊಳ್ಳುವವರು ಮೊದಲು ನೋಡಬೇಕಾದದ್ದು ಆ ತಿಂಗಳನ್ನೇ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ತಗಡಿನ ಮಾಡಿನ ಕೆಳಗೆ ವರ್ಷಗಟ್ಟಲೆ ಬಿದ್ದಿದ್ದ ಬೀಜದಲ್ಲಿ ಮೊಳೆಯುವ ಕಸುವು ಉಳಿದಿರುವುದಿಲ್ಲ.

ಇದರ ಜೊತೆಗೆ ಆನ್‌ಲೈನ್‌ನಲ್ಲಿ ತರಿಸಿಕೊಂಡ ಇನ್ನೊಂದು ಪೊಟ್ಟಣವನ್ನೂ ಬಿತ್ತಿ ನೋಡಿದೆ. ಬೆಲೆ ಮೂರು ಪಟ್ಟು ಹೆಚ್ಚಾಗಿದ್ದ ಅದರ ಮೇಲೆ ‘ಡೆಲ್ಲಿ ಕನಕಾಂಬರ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಈ ಹೆಸರಿನ ಬಗ್ಗೆ ಓದುಗರಿಗೆ ಸ್ಪಷ್ಟವಾಗಿ ತಿಳಿಸಲೇಬೇಕಾದ ಸಂಗತಿಯೊಂದಿದೆ. ಗಾಢವಾದ ಕಿತ್ತಳೆ ಬಣ್ಣಕ್ಕೆ ಹೆಸರಾದ ಡೆಲ್ಲಿ ಕನಕಾಂಬರವು ವರ್ಣತಂತುಗಳ ಮೂರು ಜೋಡಣೆಗಳಿರುವ ತ್ರಿಗುಣಿತ ತಳಿಯಾದ್ದರಿಂದ ಅದರಲ್ಲಿ ಬೀಜ ಕಟ್ಟುವುದಿಲ್ಲ. ಅದನ್ನು ಕಾಂಡದ ತುಂಡುಗಳಿಗೆ ಬೇರು ಬರಿಸಿಯೇ ಹೆಚ್ಚಿಸಬೇಕು. ಹೀಗಿರುವಾಗ ಅದರ ಬೀಜವೆಂದು ಯಾರು ಏನನ್ನೇ ಮಾರಿದರೂ ಅದು ಬೇರೆ ತಳಿಯ ಬೀಜವೇ ಆಗಿರುತ್ತದೆ. ನನ್ನ ಪೊಟ್ಟಣದಲ್ಲಿದ್ದದ್ದು ಹಳೆಯದಾದ ಸಾಮಾನ್ಯ ಕಿತ್ತಳೆ ಜಾತಿ. ಮೊಳೆತದ್ದು ಬೆರಳೆಣಿಕೆಯಷ್ಟು, ಬಿಟ್ಟ ಹೂವಿನಲ್ಲಿ ವಿಶೇಷವೇನೂ ಇರಲಿಲ್ಲ. ಡೆಲ್ಲಿ ತಳಿಯೇ ಬೇಕೆನ್ನುವವರು ನರ್ಸರಿಯಿಂದ ಬೇರು ಬಿಟ್ಟ ಸಸಿಯನ್ನು ತರಬೇಕು. ಬೀಜದಿಂದ ಬೆಳೆಸುವವರಿಗೆ ಜವಾರಿ ಕಿತ್ತಳೆಯೇ ಸರಿಯಾದ ಆಯ್ಕೆ, ಅದನ್ನು ಅದೇ ಹೆಸರಿನಲ್ಲಿ ಮಾರುವ ಅಂಗಡಿಯೇ ನಂಬಿಕೆಗೆ ಅರ್ಹ.

ನಮ್ಮ ಕಡೆ ಅಬ್ಬಲಿಗೆ ಎಂದೂ ಕರೆಸಿಕೊಳ್ಳುವ ಕನಕಾಂಬರಕ್ಕೆ ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳೇ ತವರು. ಬೇಲಿಯ ಮುಳ್ಳುಗೋರಂಟಿಯೂ (ಕೈಗೆ ಹಚ್ಚುವ ಮದರಂಗಿಯಲ್ಲ) ಕೆಮ್ಮಿಗೆ ಕಷಾಯವಾಗುವ ಆಡುಸೋಗೆಯೂ ಇದೇ ಕುಟುಂಬದ ಗಿಡಗಳು. ಚೆಂಡು ಹೂವಿನ ಹಾಗೆ ಒಂದೇ ಹಂಗಾಮಿಗೆ ಮುಗಿಯದೆ, ಒಮ್ಮೆ ಬೇರೂರಿದರೆ ಕೆಲವು ವರ್ಷ ಹೂ ಕೊಡುತ್ತದೆ. ಹೂವಿಗೆ ಪರಿಮಳವಿಲ್ಲ, ಆದರೆ ಹಗುರವಾಗಿರುವುದರಿಂದಲೂ ಬೇಗ ಬಾಡದಿರುವುದರಿಂದಲೂ ಮಲ್ಲಿಗೆಯ ನಡುವೆ ಸೇರಿಸಿ ಕಟ್ಟಲು ಇದಕ್ಕೆ ಸಾಟಿಯಿಲ್ಲ.

ಲಕೋಟೆ ಬಿಚ್ಚಿದ ಕೂಡಲೇ ಬೀಜದ ಸಾಚಾತನವನ್ನು ಪರೀಕ್ಷಿಸಬಹುದು. ಕನಕಾಂಬರದ ಬೀಜ ಚಪ್ಪಟೆಯಾಗಿದ್ದು, ಮೇಲ್ಮೈಯಲ್ಲಿ ಅಂಚು ಸೀಳಿದಂತಿರುವ ಸಣ್ಣ ಹುರುಪೆಗಳಿರುತ್ತವೆ. ಒಂದು ಹನಿ ನೀರು ಬಿದ್ದರೆ ಆ ಹುರುಪೆಗಳು ಬಿಚ್ಚಿಕೊಂಡು ಲೋಳೆಯಾಗಿ, ನೆನೆದ ಕಾಮಕಸ್ತೂರಿಯ ಬೀಜದಂತೆ ಬೆರಳಿಗೆ ಅಂಟುತ್ತವೆ. ಗಂಜಿನ ಪೊಟ್ಟಣದ ಬೀಜ ಈ ಪರೀಕ್ಷೆಯಲ್ಲಿ ಗೆದ್ದಿತು. ಈ ಗುಣದಿಂದಾಗಿಯೇ ಬೀಜವನ್ನು ಮೊದಲೇ ನೆನೆಸಿಡಬಾರದು, ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ಒಣ ಬೀಜವನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಉದುರಿಸಿ, ಮೇಲೆ ತೆಳ್ಳಗೆ ಮರಳು ಹರಡಿ, ನಂತರ ನೀರು ಚಿಮುಕಿಸುವುದು ಸರಿಯಾದ ಕ್ರಮ.

ಬಿತ್ತುವ ಕಾಲದ ಬಗ್ಗೆ ಪೊಟ್ಟಣದ ಮೇಲೆ ಒಂದು ಮಾತೂ ಇಲ್ಲದಿರುವುದು ಈ ಉತ್ಪನ್ನದ ದೊಡ್ಡ ಕೊರತೆ. ಕನಕಾಂಬರ ಬೆಚ್ಚನೆಯ ಹವೆ ಬೇಡುವ ಗಿಡ. ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೀದರಿನಲ್ಲಿ ಚಳಿಗಾಲದ ರಾತ್ರಿಗಳು ಕಲಬುರಗಿ, ಯಾದಗಿರಿಗಳಿಗಿಂತ ತಂಪಾಗಿರುವುದರಿಂದ ದೀಪಾವಳಿಯ ನಂತರ ಬಿತ್ತಿದ ಬೀಜ ಮುಂದಕ್ಕೆ ಬರುವುದಿಲ್ಲ. ಹಾಗೆಂದು ಶಿವರಾತ್ರಿಯ ಹೊತ್ತಿಗೆ ಬಿತ್ತಿದರೆ ಸಸಿಯನ್ನು ಕಿತ್ತು ನೆಡುವ ಸಮಯ ಸುಡುಬಿಸಿಲಿನ ಏಪ್ರಿಲ್‌ಗೆ ಬಂದು ನಿಲ್ಲುತ್ತದೆ, ಏಕೆಂದರೆ ಸಸಿ ನಾಟಿಗೆ ಸಿದ್ಧವಾಗಲು ಸುಮಾರು 60 ದಿನ ಬೇಕು. ಮೇ ಕೊನೆಯಲ್ಲೋ ಜೂನ್ ಮೊದಲ ವಾರದಲ್ಲೋ ನೆರಳಿನಲ್ಲಿ ಬಿತ್ತಿ, ಶ್ರಾವಣದಲ್ಲಿ ನೆಟ್ಟರೆ ಎರಡು-ಮೂರು ತಿಂಗಳಲ್ಲಿ ತೆನೆ ಬಿಡಲು ಆರಂಭವಾಗುತ್ತದೆ. ಮೊಳಕೆಗೆ ಎರಡು-ಮೂರು ವಾರ ಬೇಕಾಗುವುದರಿಂದ, ಏನೂ ಕಾಣದೆಂದು ತಟ್ಟೆಯನ್ನು ಬೇಗ ಎಸೆಯಬಾರದು.

ಮಣ್ಣಿನ ವಿಷಯದಲ್ಲಿ ಬೀದರಿನವರು ಅದೃಷ್ಟವಂತರು. ನಮ್ಮ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಕೊಳೆತ ಸೆಗಣಿ ಗೊಬ್ಬರ ಬೆರೆಸಿದರೆ ಬೇರೆ ಸಿದ್ಧತೆಯ ಅಗತ್ಯವೇ ಬೀಳುವುದಿಲ್ಲ. ಕಲಬುರಗಿಯ ಎರೆ ಮಣ್ಣಿನಲ್ಲಿ ಇದೇ ಪೊಟ್ಟಣವನ್ನು ಬಿತ್ತುವವರು ಮರಳು ಬೆರೆಸಿ ಮಡಿಯನ್ನು ಎತ್ತರಿಸದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಸುಣ್ಣದಂಶ ಹೆಚ್ಚಿರುವ ಕಡೆ ಎಳೆಯ ಎಲೆಗಳು ಹಳದಿಗೆ ತಿರುಗುತ್ತವೆ. ಎಲ್ಲಿಯೇ ಬೆಳೆದರೂ ಈ ಗಿಡದ ನಿಜವಾದ ಶತ್ರು ಸೊರಗು ರೋಗ. ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳುಗಳು ಬೇರನ್ನು ಗಾಯಗೊಳಿಸಿ ದಾರಿ ಮಾಡಿಕೊಟ್ಟ ಮೇಲೆ ಫ್ಯುಸೇರಿಯಂ ಶಿಲೀಂಧ್ರ ಒಳನುಗ್ಗಿ, ಹೂ ತುಂಬಿದ ಗಿಡವೇ ಬಾಡಿ ಬೀಳುತ್ತದೆ. ಬೇವಿನ ಹಿಂಡಿಯನ್ನು ಮಡಿಗೆ ಸೇರಿಸುವುದು, ನಡುನಡುವೆ ಚೆಂಡು ಹೂ ಬೆಳೆಯುವುದು, ಗಿಡ ಸತ್ತ ಜಾಗದಲ್ಲಿ ಮತ್ತೆ ಕನಕಾಂಬರವನ್ನೇ ನೆಡದಿರುವುದು ಇದಕ್ಕೆ ಪರಿಹಾರ. ಬೀಜದಿಂದ ಬೆಳೆಸುವುದರ ಮುಖ್ಯ ಲಾಭವೂ ಇಲ್ಲೇ ಇದೆ: ಬೇರೆ ಊರಿನ ನರ್ಸರಿಯ ಮಣ್ಣು ಅಂಟಿದ ಸಸಿಯೊಡನೆ ಜಂತುಹುಳು ನಮ್ಮ ಅಂಗಳಕ್ಕೆ ಬರುವ ಅಪಾಯ ತಪ್ಪುತ್ತದೆ.

ಹೂವನ್ನು ದಿನ ಬಿಟ್ಟು ದಿನ ಬೆಳಗಿನ ತಂಪಿನಲ್ಲಿ ಬಿಡಿಸಬೇಕು. ತೆನೆಯ ಕೆಳಗಿನಿಂದ ಮೇಲಕ್ಕೆ ಅದು ಅರಳುತ್ತ ಹೋಗುತ್ತದೆ. ಒಂದೆರಡು ತೆನೆಗಳ ಹೂವನ್ನು ಬಿಡಿಸದೆ ಹಾಗೆಯೇ ಬಿಟ್ಟರೆ ನಾಲ್ಕು ಬೀಜಗಳ ಕಾಯಿಗಳು ಕಟ್ಟುತ್ತವೆ. ಒಣಗಿದ ಕಾಯಿಗೆ ನೀರು ತಾಗಿದರೆ ಪಟಪಟನೆ ಸಿಡಿದು ಬೀಜ ದೂರ ಹಾರುತ್ತದೆಯಾದ್ದರಿಂದ, ತೆನೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಕೂಡಲೇ ಇಬ್ಬನಿ ಆರಿದ ಹೊತ್ತಿನಲ್ಲಿ ಕತ್ತರಿಸಿ ಕಾಗದದ ಚೀಲದಲ್ಲಿಡಬೇಕು. ಹೀಗೆ ಮಾಡಿದವರು ಮರುವರ್ಷ ಪೊಟ್ಟಣ ಕೊಳ್ಳಬೇಕಾಗಿಯೇ ಇಲ್ಲ, ಮತ್ತು ಅಂಗಡಿಯವರೇ ಕೊಳ್ಳುವವರಿಗೆ ಈ ಮಾತನ್ನು ಹೇಳಿ ಕಳಿಸುತ್ತಾರೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಲಕೋಟೆಯಲ್ಲಿ ಕಾಯಿಯ ಹೊಟ್ಟು ಸ್ವಲ್ಪ ಬೆರೆತಿರುತ್ತದೆ, ಮೊಳಕೆಯ ಪ್ರಮಾಣವನ್ನು ಬರೆದಿರುವುದಿಲ್ಲ; ಇವೆರಡನ್ನೂ ಅಂಗಡಿಯವರು ಸರಿಪಡಿಸಬೇಕು. ಕೊಳ್ಳುವವರು ಮೇ ಕೊನೆಯ ವಾರದಲ್ಲಿ ಹೋಗಿ ಅದೇ ವರ್ಷದ ತಿಂಗಳು ಬರೆದ ಲಕೋಟೆಯನ್ನೇ ಕೇಳಿ ಪಡೆಯಬೇಕು, ಹಿಂದಿನ ವರ್ಷದ್ದು ಮಾತ್ರ ಉಳಿದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡವೆನ್ನಬೇಕು.