ಸಿಪ್ಯಾನೆಲ್ ಹಾಕೋಕೆ ತಗೊಂಡ ವಿಪಿಎಸ್: ಸರ್ವರ್ ಸೂಪರ್, ಮೇಲ್ ವಿಷ್ಯದಲ್ಲಿ ಬೇಜಾರು

ಸಿಪ್ಯಾನೆಲ್ (ವೆಬ್ ಹೋಸ್ಟಿಂಗ್ ನೋಡ್ಕೊಳ್ಳೋ ಕಂಟ್ರೋಲ್ ಪ್ಯಾನೆಲ್) ಹಾಕೋಕೆ ಅಂತಾನೇ ಈ ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್) ತಗೊಂಡಿದ್ದು, ಓಎಸ್ ಆಲ್ಮಾಲಿನಕ್ಸ್ ಅನ್ನೋ ಲಿನಕ್ಸ್ (ಹಳೇ ಲಿನಕ್ಸ್ ಆದ ಸೆಂಟ್‌ಓಎಸ್ 7 ಸಪೋರ್ಟ್ 2024ರ ಜೂನ್‌ಗೇ ಮುಗೀತು, ದಯವಿಟ್ಟು ಅದನ್ನ ಮುಟ್ಬೇಡಿ). ಹೋಸ್ಟಿಂಗ್ ಕಂಪನಿಯೋರು ಕೊಟ್ಟ ಓಎಸ್ ಇಮೇಜ್ (ರೆಡಿ ಕಾಪಿ) ನಿಜವಾಗ್ಲೂ ಕ್ಲೀನ್, ಅಪಾಚೆ (ವೆಬ್ ಸರ್ವರ್), ಮೈಎಸ್‌ಕ್ಯೂಎಲ್ (ಡೇಟಾಬೇಸ್) ಏನೂ ಮೊದ್ಲೇ ತುಂಬಿರ್ಲಿಲ್ಲ, ನಮಗೆ ಬೇಕಾಗಿರೋದೇ ಇದು ಯಾಕಂದ್ರೆ ಪ್ಯಾನೆಲ್ ತನಗೆ ಬೇಕಾದ್ದನ್ನ ತಾನೇ ಹಾಕ್ಕೊಳ್ಳುತ್ತೆ, ಹಳೇದು ಕೂತಿದ್ರೆ ಇನ್‌ಸ್ಟಾಲ್ ಕೆಡುತ್ತೆ.

ಆದ್ರೆ ಹೋಸ್ಟ್‌ನೇಮ್ (ಸರ್ವರಿನ ಹೆಸರು) ಬರೀ ಒಂದು ಪದ ಇಟ್ಟಿದ್ರು, ಅದು ನಡಿಯಲ್ಲ, ಸಿಪ್ಯಾನೆಲ್‌ಗೆ ಡೊಮೇನ್ ಸಮೇತ ಪೂರ್ತಿ ಹೆಸರು ಬೇಕು. ಸೈಟಿನ ಡೊಮೇನನ್ನೇ ಇಡ್ಬಾರ್ದು, ಸರ್ವರ್‌ಗೆ ಅಂತ ಬೇರೆ ಸಬ್‌ಡೊಮೇನ್ ಮಾಡಿ ಎ ರೆಕಾರ್ಡ್ (ಆ ಹೆಸರನ್ನ ಸರ್ವರಿನ ಐಪಿಗೆ ಜೋಡಿಸೋ ಡಿಎನ್‌ಎಸ್ ಎಂಟ್ರಿ) ಹಾಕಿ ಆಮೇಲೆ ಹೆಸರು ಬದಲಿಸೋ ಹೋಸ್ಟ್‌ನೇಮ್‌ಸಿಟಿಎಲ್ ಕಮಾಂಡ್ ಕೊಡಿ. ಕೊಟ್ಟು ರೀಬೂಟ್ ಮಾಡಿದ್ರೆ ಹಳೇ ಹೆಸರೇ ವಾಪಸ್ ಬಂತು! ಬೂಟ್ ಆಗೋವಾಗ ಸರ್ವರ್ ಸೆಟಪ್ ಮಾಡೋ ಕ್ಲೌಡ್-ಇನಿಟ್ ಅನ್ನೋ ಟೂಲ್ ಕೆಲ್ಸ ಅದು, ಅದರ ಕಾನ್ಫಿಗ್ ಫೈಲಲ್ಲಿ ಪ್ರಿಸರ್ವ್ ಹೋಸ್ಟ್‌ನೇಮ್ ಅನ್ನೋದನ್ನ ಟ್ರೂ ಮಾಡಿದ್ಮೇಲೆ ಸರಿಹೋಯ್ತು. ಡಿಎನ್‌ಎಫ್ (ಪ್ಯಾಕೇಜ್ ಹಾಕೋ ಟೂಲ್) ಅಪ್‌ಡೇಟ್ ಸಲೀಸಾಗಿ ಆಯ್ತು, ನೆಟ್‌ವರ್ಕ್ ಸ್ಪೀಡೂ ಚೆನ್ನಾಗಿದೆ.

ಬೇಜಾರಾಗಿದ್ದು ಪೋರ್ಟ್ 25 (ಸರ್ವರಿಂದ ಮೇಲ್ ಹೊರಗೆ ಹೋಗೋ ದಾರಿ) ಬ್ಲಾಕ್ ಮಾಡಿದ್ದು. ಸ್ಪ್ಯಾಮ್ ತಡಿಯೋಕೆ ಅಂತ ಒಪ್ತೀನಿ, ಆದ್ರೆ ಆರ್ಡರ್ ಪೇಜಲ್ಲೇ ಹೇಳ್ಬೇಕಿತ್ತು, ಹೋಸ್ಟಿಂಗ್ ಮಾಡೋರಿಗೆ ಮೇಲ್ ಹೋಗ್ಲಿಲ್ಲ ಅಂದ್ರೆ ಏನು ಪ್ರಯೋಜನ? ಟಿಕೆಟ್ ಹಾಕಿದ್ಮೇಲೆ ತೆಗೆದ್ರು, ರಿವರ್ಸ್ ಡಿಎನ್‌ಎಸ್ಸೂ (ಐಪಿಯಿಂದ ಹೆಸರು ತೋರ್ಸೋ ಎಂಟ್ರಿ) ಅವ್ರೇ ಸೆಟ್ ಮಾಡಿಕೊಟ್ರು. ತಗೊಳ್ಳೋರು ಪ್ಯಾನೆಲ್ ಹಾಕೋಕ್ ಮುಂಚೇನೇ ಇವೆರಡನ್ನೂ ಕೇಳಿ ಮಾಡಿಸ್ಕೊಳ್ಳಿ.