ಹಗಲು ಕೇಂದ್ರವೋ, ಮನೆಗೆ ಬರುವ ಟೀಚರೋ?

ಮಗುವಿಗೆ ಆಟಿಸಂ ಇದೆ ಅಂತ ಗೊತ್ತಾದ ಮೇಲೆ ಶಿರಸಿ, ಕುಮಟಾ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಟ್ರಸ್ಟ್ ನಡೆಸುವ ಹಗಲು ಕೇಂದ್ರಕ್ಕೆ ಕಳಿಸೋದಾ, ಮನೆಗೇ ಬಂದು ಕಲಿಸುವವರನ್ನು ನೆಚ್ಚೋದಾ?

ಕೇಂದ್ರದಲ್ಲಿ ಬೇರೆ ಮಕ್ಕಳು ಸಿಗುತ್ತಾರೆ. ಅಮ್ಮನಿಗೂ ನಾಲ್ಕು ತಾಸು ಬಿಡುವು, ಇದು ಸಣ್ಣ ಮಾತಲ್ಲ. ಆದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನ ಹಾರ್ನಿಗೆ ಕಿವಿ ಮುಚ್ಚಿಕೊಂಡು ಅಳುವ ಮಗು, ಕೇಂದ್ರ ಮುಟ್ಟುವಷ್ಟರಲ್ಲೇ ಸೋತು ಹೋಗಿರುತ್ತದೆ.

ಮನೆಗೆ ಬರುವವರು ವಾರಕ್ಕೆ ಒಂದೆರಡು ಸಲ ಬಂದಾರು, ಅಷ್ಟೇ. ಆದರೂ ಅಡಿಕೆ ಒಣಗಿಸುವ ಅಂಗಳದಲ್ಲೇ ಕೂತು, ಚಿತ್ರದ ಕಾರ್ಡ್ ತೋರಿಸಿ 'ನೀರು' ಕೇಳೋದನ್ನು ಕಲಿಸಿದರೆ ಪಕ್ಕದಲ್ಲಿರುವ ಅಜ್ಜಿಯೂ ಕಲಿಯುತ್ತಾರೆ. ಚಿಕ್ಕ ಮಗುವಾದರೆ ನಾನು ಇದನ್ನೇ ಮೊದಲು ಹೇಳುತ್ತೇನೆ. ದೊಡ್ಡ ಮಕ್ಕಳಿಗೆ ಕೇಂದ್ರವೇ ಸೈ, ಗೆಳೆಯರು ಬೇಕಲ್ವಾ.

ಎರಡೂ ಕಡೆ ಕೇಳಲೇಬೇಕಾದದ್ದು: ಕಲಿಸುವವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ? ಆಟಿಸಂನಂಥ ತೊಂದರೆ ಇರುವವರಿಗಾಗಿ ಇರುವ ಸರ್ಕಾರದ ಆರೋಗ್ಯ ವಿಮೆ 'ನಿರಾಮಯ'ಕ್ಕೆ ಅರ್ಜಿ ಹಾಕಲು ನೆರವಾಗ್ತಾರಾ? ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಗೂ ಒಂದು ಪಾಲಿದೆ. 'ಪೂರ್ತಿ ಗುಣ ಮಾಡ್ತೇವೆ' ಅಂದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.